ಹೊಲಿಗೆಗೆ ಬಿಟ್ಟ ಹನ್ನೊಂದು ಮೀಟರ್

"ನಲವತ್ತೆರಡು ಮಕ್ಕಳು ಬರೆದಿದ್ದಾರೆ ಮೇಡಂ. ಇನ್ನೂರ ಮೂವತ್ತೊಂದು ಅಂತ ಬರೆದಿರೋಳು ಇವಳೊಬ್ಬಳೇ," ಎನ್ನುತ್ತ ಮುಖ್ಯೋಪಾಧ್ಯಾಯಿನಿ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ಮೇಷ್ಟ್ರ ಮಾದರಿ ಉತ್ತರದಲ್ಲೂ ಅದೇ ಇದೆ. ಎರಡೂ ತಪ್ಪು."

ಕೆಂಪು ಶಾಯಿ ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮೂವತ್ತು ವರ್ಷ ಗಣಿತದ ಉತ್ತರ ಪತ್ರಿಕೆ ತಿದ್ದಿ ನಿವೃತ್ತರಾದವರು ಅವರು. ಅಡ್ಡಹೆಸರು ಇಟ್ಟ ಮಕ್ಕಳಿಗೆ ಈಗ ಮಕ್ಕಳಾಗಿದ್ದರೂ ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿದ್ದು ಎಂದಿನಂತೆ ಬೇರೆ ಶಾಲೆಯವರು. ಆ ಹುಡುಗಿ, ದರ್ಜಿಯ ಮಗಳು, ಮಾದರಿ ಉತ್ತರವನ್ನು ಮೊದಲೇ ಕದ್ದು ನೋಡಿದ್ದಾಳೆ ಎಂದು ಅವರೇ ದೂರು ಬರೆದಿದ್ದರು. ದೂರು ಸುಳ್ಳೆಂದು ಹೊರಗಿನ ಮೌಲ್ಯಮಾಪಕರೊಬ್ಬರು, ಅಂದರೆ ಈಗ ಮೇಡಂ, ಸಂಜೆ ನಾಲ್ಕರೊಳಗೆ ಸಹಿ ಹಾಕಿ ಕೊಡದಿದ್ದರೆ ಹುಡುಗಿಗೆ ಹಾಲ್ ಟಿಕೆಟ್ ಇಲ್ಲ. ಸೋಮವಾರ ಅಂತಿಮ ಪರೀಕ್ಷೆ. ಗಡಿಯಾರದಲ್ಲಿ ಒಂದೂವರೆ.

ಲೆಕ್ಕ ಸುಲಭದ್ದು. ಶಂಕುವಿನಾಕಾರದ ಗುಡಾರ, ಪಾದದ ತ್ರಿಜ್ಯ ಏಳು ಮೀಟರ್, ಓರೆ ಎತ್ತರ ಹತ್ತು ಮೀಟರ್, ಬೇಕಾಗುವ ಬಟ್ಟೆ ಎಷ್ಟು? ಸೂತ್ರ ಗೊತ್ತಿದ್ದ ಯಾರೇ ಆದರೂ ಇನ್ನೂರ ಇಪ್ಪತ್ತು ಚದರ ಮೀಟರ್ ಅನ್ನಬೇಕು. ಹುಡುಗಿ ಇನ್ನೂರ ಇಪ್ಪತ್ತರ ತನಕ ನೆಟ್ಟಗೆ ಬಂದಿದ್ದಳು. ಮುಂದಿನ ಸಾಲಿನಲ್ಲಿ ಹೇಳದೆ ಕೇಳದೆ "ಬೇಕಾಗುವ ಬಟ್ಟೆ 231" ಎಂದು ಬರೆದು ಅಡಿಗೆರೆ ಎಳೆದಿದ್ದಳು. ಮಾದರಿ ಉತ್ತರದಲ್ಲೂ ಇನ್ನೂರ ಇಪ್ಪತ್ತರಿಂದ ಅದೇ ಜಾಗದಲ್ಲಿ ಅದೇ ನೆಗೆತ.

ಒಬ್ಬರದು ಇನ್ನೊಬ್ಬರಿಗೆ ದಾಟಿದೆ ಎನ್ನುವುದಕ್ಕೆ ಇನ್ನೇನೂ ಬೇಕಿರಲಿಲ್ಲ.

"ಮಾದರಿ ಉತ್ತರದ ಲಕೋಟೆ ಎಲ್ಲಿತ್ತು?"

ಮುಖ್ಯೋಪಾಧ್ಯಾಯಿನಿ ಹಿಂದಿದ್ದ ಉಕ್ಕಿನ ಬೀರು ತೋರಿಸಿದರು. ಪ್ರಶ್ನೆಪತ್ರಿಕೆಯ ಬಂಡಲ್ಲೂ ಅದರಲ್ಲೇ ಇತ್ತಂತೆ. ಎರಡು ಬೀಗ, ಒಂದರ ಕೀಲಿ ಅವರ ಹತ್ತಿರ, ಇನ್ನೊಂದರದು ಪರೀಕ್ಷೆಯ ಉಸ್ತುವಾರಿ ನೋಡುವ ಗಣಿತದ ಮೇಷ್ಟ್ರ ಹತ್ತಿರ. ಲಕೋಟೆಯ ಮೇಲೆ ಮೇಷ್ಟ್ರ ಸಹಿ, ಎಂಟನೇ ತಾರೀಕು. ಪರೀಕ್ಷೆ ನಡೆದದ್ದು ಹನ್ನೊಂದಕ್ಕೆ. ಒಂಬತ್ತನೇ ತಾರೀಕು ಹುಡುಗಿ ತಾನು ಗೆದ್ದ ಕಪ್ಪುಗಳ ಜೊತೆ ಫೋಟೋ ತೆಗೆಸಿಕೊಳ್ಳಲು ಇದೇ ಕೋಣೆಗೆ ಬಂದಿದ್ದಳು, ಹತ್ತು ನಿಮಿಷ ಒಬ್ಬಳೇ ಇದ್ದಳು ಎಂದು ಮುಖ್ಯೋಪಾಧ್ಯಾಯಿನಿ ಒಲ್ಲದ ಮನಸ್ಸಿನಿಂದ ಹೇಳುವವರ ಹಾಗೆ ಹೇಳಿದರು.

"ಆವಾಗ ಬೀಗ ಹಾಕಿತ್ತಾ?"

"ಹಾಕಿತ್ತು ಅಂತ ನೆನಪು ಮೇಡಂ."

ಹಾಕಿತ್ತು ಎನ್ನುವುದು ಬೇರೆ, ಹಾಕಿತ್ತು ಅಂತ ನೆನಪು ಎನ್ನುವುದು ಬೇರೆ. ಕೆಂಪು ಶಾಯಿ ಮೇಡಂ ಮಾತನ್ನು ಹಾಗೇ ಮನಸ್ಸಿನಲ್ಲಿ ಇಟ್ಟುಕೊಂಡರು. ಈ ಮುಖ್ಯೋಪಾಧ್ಯಾಯಿನಿ ಒಂದು ಕಾಲದಲ್ಲಿ ಅವರದೇ ತರಗತಿಯ ಮೂರನೇ ಬೆಂಚಿನ ಹುಡುಗಿ. ಕಾಗೆಕಾಲು ಗುಬ್ಬಿಕಾಲು ಬರೆಯುತ್ತಿದ್ದವಳನ್ನು ಕೂರಿಸಿ ಒಂದು ವರ್ಷ ತಮ್ಮ ಅಕ್ಷರವನ್ನೇ ತಿದ್ದಿಸಿದ್ದರು. ಮೊನ್ನೆ ವಿಚಾರಣೆಗೆ ಕರೆದ ಪತ್ರ ಕೈಗೆ ಬಂದಾಗ, ತನಗೆ ತಾನೇ ಕಾಗದ ಬರೆದುಕೊಂಡೆನೇನೋ ಎಂದು ಮೇಡಂಗೆ ಒಂದು ಕ್ಷಣ ಗಾಬರಿಯಾಗಿತ್ತು. ಸೊಸೆ ನೋಡಿ ನಕ್ಕಿದ್ದಳು.

ಕೋಣೆಯಿಂದ ಹೊರಬಂದರೆ ಮೊಗಸಾಲೆಯ ಗೋಡೆಯ ತುಂಬ ಸಾಧಕರ ಫಲಕ. ಅಂತಿಮ ಪರೀಕ್ಷೆಯಲ್ಲಿ ರ್ಯಾಂಕ್ ಬಂದವರ ಹೆಸರುಗಳು, ವರ್ಷಕ್ಕೊಂದರಂತೆ, ಹಳದಿ ಬಣ್ಣದಲ್ಲಿ. ಕೊನೆಯ ನಾಲ್ಕು ವರ್ಷಗಳ ಎದುರು ಬರೀ ಗೀಟು. ಈ ವರ್ಷದ ಜಾಗವನ್ನು ಆಗಲೇ ಉಜ್ಜಿ, ಹೊಸದಾಗಿ ಕಪ್ಪು ಬಳಿದು, ಕಾದಿರಿಸಿದ್ದರು. ಪರೀಕ್ಷೆಗೆ ಮುಂಚೆಯೇ ಇಷ್ಟು ಆತುರ ಯಾಕಪ್ಪಾ ಎಂದುಕೊಂಡು ಮೇಡಂ ಮೆಟ್ಟಿಲಿಳಿದರು.

ದರ್ಜಿ ಅಂಗಡಿ ಎರಡು ಬೀದಿ ಆಚೆ. ನಿಜ ಹೇಳಬೇಕೆಂದರೆ ಮೇಡಂಗೆ ಹುಡುಗಿಯ ಮೇಲೂ ಅನುಮಾನವಿತ್ತು. ಜಾಣ ಮಕ್ಕಳು ಕಾಪಿ ಹೊಡೆಯುವುದಿಲ್ಲ ಎಂದು ನಂಬುವವರು ಮೂವತ್ತು ವರ್ಷ ಪತ್ರಿಕೆ ತಿದ್ದಿರುವುದಿಲ್ಲ. ಮೂರು ದಿನದಿಂದ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು ಬೇರೆ.

ಅಂಗಡಿಯೊಳಗೆ ಹುಡುಗಿಯ ತಾಯಿ ಗಿರಾಕಿಯೊಬ್ಬರ ಜೊತೆ ವಾದಕ್ಕೆ ನಿಂತಿದ್ದಳು. ಗಿರಾಕಿ ಪರದೆಗೆಂದು ಲೆಕ್ಕ ಹಾಕಿ ಇಪ್ಪತ್ತು ಮೀಟರ್ ಬಟ್ಟೆ ತಂದಿದ್ದರು. ಇನ್ನೊಂದು ಮೀಟರ್ ಬೇಕೇ ಬೇಕು ಎಂದು ಇವಳು. ಕಿಟಕಿಯ ಅಳತೆ ತಾನೇ ಎರಡು ಸಲ ತೆಗೆದಿದ್ದೇನೆ ಎಂದು ಅವರು.

"ಅಳತೆ ಕಿಟಕಿಗೆ ಸರಿ ಇರ್ಬಹುದು ಅಣ್ಣಾ. ನಾನು ಹೊಲೀಬೇಕಲ್ಲ. ಇಪ್ಪತ್ತಕ್ಕೆ ಒಂದು ಹೊಲಿಗೆಗೆ ಬಿಡ್ಬೇಕು. ಬಿಡದೆ ಕತ್ತರಿ ಹಾಕಿದ್ರೆ ಆಮೇಲೆ ನನ್ನನ್ನೇ ಬೈತೀರಿ."

ಮೇಡಂ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇನ್ನೂರ ಇಪ್ಪತ್ತು ಮೀಟರ್ ಇದ್ರೆ ಎಷ್ಟು ಬಿಡ್ತೀಯಮ್ಮ?"

ತಾಯಿ ತಲೆ ಎತ್ತದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು. "ಹನ್ನೊಂದು. ಇನ್ನೂರ ಮೂವತ್ತೊಂದು ತರಿಸ್ತೀನಿ." ಆಮೇಲೆ ಬಂದವರು ಯಾರೆಂದು ನೋಡಿ ಗಡಬಡಿಸಿ ಎದ್ದಳು, ಸ್ಟೂಲ್ ಒರೆಸಿ ಮುಂದಿಟ್ಟಳು.

ಮೇಡಂ ಕೂರಲಿಲ್ಲ. ಹೊಲಿಗೆ ಯಂತ್ರದ ಹಿಂದೆ, ಬಟ್ಟೆಯ ರಾಶಿಗೆ ಒರಗಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡಿದ್ದ ಹುಡುಗಿಯನ್ನು ನೋಡಿದರು. ಪುಟ ತಿರುವುತ್ತಿರಲಿಲ್ಲ. ಕಣ್ಣು ಕೆಂಪಾಗಿದ್ದವು.

"ಗುಡಾರಕ್ಕೆ ಯಾಕಮ್ಮ ಹನ್ನೊಂದು ಸೇರಿಸಿದೆ?"

ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಮೂರು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. "ಬಟ್ಟೆ ಎಷ್ಟು ಬೇಕು ಅಂತ ಕೇಳಿದ್ರಲ್ಲ ಮೇಡಂ. ಹೊಲಿಯದೆ ಗುಡಾರ ಹೇಗೆ ನಿಲ್ಲುತ್ತೆ?"

ಮೇಡಂಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಮೂವತ್ತು ವರ್ಷದಲ್ಲಿ ನೂರಾರು ಗುಡಾರದ ಲೆಕ್ಕ ತಿದ್ದಿದ್ದರು, ಒಂದಕ್ಕಾದರೂ ಹೊಲಿಗೆ ಹಾಕಬೇಕೆಂದು ಅವರಿಗೇ ಹೊಳೆದಿರಲಿಲ್ಲ.

ಈ ತಪ್ಪನ್ನು ಈ ಅಂಗಡಿಯಲ್ಲಿ ಬೆಳೆದವಳಲ್ಲದೆ ಬೇರೆ ಯಾರೂ ಮಾಡಲಾರರು. ಹಾಗಿದ್ದರೆ ಹುಡುಗಿ ಮೇಷ್ಟ್ರ ಉತ್ತರ ನೋಡಿ ಬರೆದಿಲ್ಲ. ಮೇಷ್ಟ್ರೇ ಹುಡುಗಿಯದನ್ನು ನೋಡಿ ಬರೆದಿದ್ದಾರೆ. ಮಾದರಿ ಉತ್ತರ ತಯಾರಿಸಲು ಸೋಮಾರಿತನ ಮಾಡಿ, ಪರೀಕ್ಷೆ ಮುಗಿದ ಮೇಲೆ ಜಾಣ ಮಗುವಿನ ಪತ್ರಿಕೆ ಎಳೆದುಕೊಂಡು ಇಳಿಸಿ, ಹಿಂದಿನ ತಾರೀಕು ಹಾಕುವ ಮೇಷ್ಟ್ರುಗಳನ್ನು ಮೇಡಂ ಬೇಕಾದಷ್ಟು ಕಂಡಿದ್ದರು.

ತಾಯಿ ಮಗಳಿಬ್ಬರನ್ನೂ ಶಾಲೆಗೆ ಬಂದು ಮೊಗಸಾಲೆಯಲ್ಲಿ ಕೂತಿರಲು ಹೇಳಿ ಮೇಡಂ ದಾಪುಗಾಲು ಹಾಕಿದರು. ದಾರಿಯಲ್ಲೇ ವರದಿಯ ಮೊದಲ ಸಾಲು ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಆ ಸಾಲಿಗೆ ತಣ್ಣೀರೆರಚಿದವನು ಶಾಲೆಯ ಅಟೆಂಡರ್. ಗೇಟಿನ ಬಳಿ ಗಂಟೆಯ ಹಗ್ಗ ಬಿಗಿಯುತ್ತಿದ್ದವನನ್ನು ಮೇಡಂ ಸುಮ್ಮನೆ ಮಾತಿಗೆಳೆದರು. ಉತ್ತರ ಪತ್ರಿಕೆಗಳನ್ನು ಪರೀಕ್ಷಾ ಕೊಠಡಿಯಿಂದ ಸಂಗ್ರಹಿಸಿದ್ದು ಬೇರೆ ಶಾಲೆಯಿಂದ ಬಂದ ಮೇಲ್ವಿಚಾರಕರಂತೆ. ಅವರ ಕಣ್ಣೆದುರೇ ಇವನು ಬಟ್ಟೆ ಸುತ್ತಿ ಹೊಲಿದು, ಅರಗು ಹಾಕಿ ಮುದ್ರೆ ಒತ್ತಿ, ಅದೇ ಗಳಿಗೆಗೆ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಮುಟ್ಟಿಸಿ ಬಂದಿದ್ದನಂತೆ. ಮಾದರಿ ಉತ್ತರದ ಲಕೋಟೆಯೂ ಅದೇ ಮೂಟೆಯೊಳಗೆ.

"ಗಣಿತದ ಮೇಷ್ಟ್ರು ಮುಟ್ಟಿದ್ರಾ ತಮ್ಮ?"

"ಅವರು ಆವತ್ತು ಆ ಕಡೆ ತಲೆನೇ ಹಾಕಿಲ್ಲ ಅಕ್ಕ. ತಮ್ಮ ವಿಷಯದ ಪರೀಕ್ಷೆ ದಿನ ಅವರು ಒಳಗೆ ಬರೋ ಹಾಗಿಲ್ಲ."

ಮೇಡಂ ಅಲ್ಲೇ ನಿಂತು ಮೂಗು ಉಜ್ಜಿಕೊಂಡರು. ಮುಟ್ಟದೇ ಇರುವ ಪತ್ರಿಕೆಯಿಂದ ಮೇಷ್ಟ್ರು ಇಳಿಸಿದ್ದು ಹೇಗೆ?

ಗಣಿತದ ಮೇಷ್ಟ್ರು ಪ್ರಯೋಗಾಲಯದಲ್ಲಿದ್ದರು. ಕೊನೆಯ ಪುನರಾವರ್ತನೆಯ ತರಗತಿ ಮುಗಿದು ಮಕ್ಕಳು ಹೋಗಿದ್ದರು. ಕರಿಹಲಗೆಯ ತುಂಬ ಸೂತ್ರಗಳು. ನಲವತ್ತರ ಸುಮಾರಿನ ಸಣಕಲು ಮನುಷ್ಯ, ಅಂಗಿಯ ತೋಳಿನ ತುಂಬ ಸೀಮೆಸುಣ್ಣ. ಮೇಡಂ ಬಾಗಿಲು ಮುಂದೆ ಮಾಡಿ ಎದುರಿನ ಸ್ಟೂಲಿನಲ್ಲಿ ಕೂತರು.

"ಗುಡಾರದ ಲೆಕ್ಕ ಒಂದ್ಸಲ ಮಾಡಿ ತೋರಿಸಿ ಮೇಷ್ಟ್ರೇ."

ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೂಲೆಯಲ್ಲಿ ಲೆಕ್ಕ ಮಾಡಿದರು. ಇನ್ನೂರ ಇಪ್ಪತ್ತು ಬಂತು.

"ಮುಂದಿಂದು?"

"ಮುಂದೆ ಏನಿಲ್ಲ ಮೇಡಂ. ಇಷ್ಟೇ."

"ಹಾಗಾದ್ರೆ ನಿಮ್ಮ ಮಾದರಿ ಉತ್ತರದಲ್ಲಿ ಇನ್ನೂ ಹನ್ನೊಂದು ಎಲ್ಲಿಂದ ಬಂತು?"

ಕೈತಪ್ಪು ಎಂದರು. ಕೆಲಸದ ಒತ್ತಡ, ವಿಶೇಷ ತರಗತಿಗಳು, ನಿದ್ದೆಯಿಲ್ಲ ಎಂದರು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ದರ್ಜಿ ಅಂಗಡಿಯ ಪರದೆಯ ಕಥೆ ಹೇಳಿದರು. ಇಪ್ಪತ್ತಕ್ಕೆ ಒಂದು, ಇನ್ನೂರ ಇಪ್ಪತ್ತಕ್ಕೆ ಹನ್ನೊಂದು. ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು.

"ನಿಮ್ಮ ಮನೇಲಿ ಯಾರಾದ್ರೂ ಬಟ್ಟೆ ಹೊಲೀತಾರಾ?"

"ಇಲ್ಲ."

"ಹಾಗಾದ್ರೆ ಕೈತಪ್ಪು ಅನ್ನೋ ಮಾತು ಬಿಡಿ. ಆ ಮಗು ಪತ್ರಿಕೆ ನಿಮ್ಮ ಕೈಗೆ ಹೇಗೆ ಬಂತು ಅಷ್ಟು ಹೇಳಿ."

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಮೊಗಸಾಲೆಯ ಬೆಂಚು ಕಾಣುತ್ತಿತ್ತು. ಹುಡುಗಿ ಬಂದು ಕೂತಿದ್ದಳು, ತಾಯಿ ಅವಳ ತಲೆಗೂದಲು ಸರಿಮಾಡುತ್ತಿದ್ದಳು. ಆ ಹುಡುಗಿ ಅಂತರಶಾಲಾ ಗಣಿತ ಸ್ಪರ್ಧೆಯಲ್ಲಿ ಮೂರು ವರ್ಷ ಕಪ್ಪು ತಂದಾಗ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವರು ಇದೇ ಮೇಷ್ಟ್ರು. ಈಗ ಅವಳ ಕಡೆ ನೋಡಲಾಗದೆ ಮುಖ ತಿರುಗಿಸಿಕೊಂಡರು.

"ಪತ್ರಿಕೆ ನೋಡಿ ಬರೆದಿದ್ದಲ್ಲ ಮೇಡಂ. ಅವಳ ನೋಟ್ ಬುಕ್ ನೋಡಿ ಬರೆದಿದ್ದು."

"ಯಾವಾಗ?"

"ಹತ್ತನೇ ತಾರೀಕು ಸಂಜೆ."

ಮೇಡಂಗೆ ತಾವು ಕೇಳಿಸಿಕೊಂಡದ್ದರ ಮೇಲೆ ನಂಬಿಕೆ ಬರಲಿಲ್ಲ. ಪರೀಕ್ಷೆ ಹನ್ನೊಂದಕ್ಕೆ. ಹತ್ತಕ್ಕೆ ಅವಳ ಪುಸ್ತಕದಲ್ಲಿ ಉತ್ತರ ಇತ್ತೆಂದರೆ ಪ್ರಶ್ನೆಯೂ ಇತ್ತು ಎಂದರ್ಥ. ಅಂಗಡಿಯಲ್ಲಿ ಬಿಡಿಸಿದೆ ಎಂದುಕೊಂಡಿದ್ದ ಗಂಟು ಇಲ್ಲಿ ಇನ್ನಷ್ಟು ಬಿಗಿಯಾಯಿತು.

ಒಮ್ಮೆ ಶುರುವಾದ ಮೇಲೆ ಮೇಷ್ಟ್ರು ನಿಲ್ಲಿಸಲಿಲ್ಲ. ಆವತ್ತು ಶಾಲೆ ಬಿಟ್ಟ ಮೇಲೆ ಹುಡುಗಿ ಓಡಿಬಂದು, ಹತ್ತು ಅಭ್ಯಾಸದ ಲೆಕ್ಕ ಮಾಡಿದ್ದೇನೆ, ಒಂದ್ಸಲ ನೋಡಿ ಸರ್ ಎಂದು ಪುಸ್ತಕ ಕೊಟ್ಟಳಂತೆ. ತೆರೆದು ನೋಡಿದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ಪ್ರಶ್ನೆಪತ್ರಿಕೆಯ ಹತ್ತಕ್ಕೆ ಹತ್ತು ಲೆಕ್ಕಗಳೂ ಅದೇ ಕ್ರಮದಲ್ಲಿ ಅಲ್ಲಿದ್ದವು. ಪತ್ರಿಕೆ ಮುದ್ರಣಕ್ಕೆ ಹೋಗುವ ಮುಂಚೆ ನೋಡಿದ್ದವರು ಅವರು, ಗುರುತು ಹತ್ತದಿರಲು ಸಾಧ್ಯವಿರಲಿಲ್ಲ. ಬಾಯಿ ಬಿಟ್ಟರೆ ಮೊದಲು ಹಿಡಿಯುವುದು ಕೀಲಿ ಇಟ್ಟುಕೊಂಡವನನ್ನೇ. ಹೆದರಿ ಸುಮ್ಮನಾದರು. ಮಾದರಿ ಉತ್ತರ ಇನ್ನೂ ಬರೆದಿರಲಿಲ್ಲ, ಎಂಟಕ್ಕೇ ಬೀರುವಿಗೆ ಸೇರಬೇಕಾಗಿದ್ದ ಲಕೋಟೆ ಖಾಲಿ ಇತ್ತು. ಆ ಸಂಜೆ ಅವಳ ಪುಸ್ತಕವನ್ನೇ ಸಾಲು ಸಾಲಾಗಿ ಇಳಿಸಿ, ಎಂಟನೇ ತಾರೀಕು ಹಾಕಿ ಅಂಟಿಸಿ, ಹೆಡ್ ಮೇಡಂ ಬೀರು ತೆರೆದಾಗ ಒಳಗೆ ಸೇರಿಸಿಬಿಟ್ಟರು.

"ಲೆಕ್ಕ ಸರಿ ಇದೆಯಾ ಅಂತ ನೋಡ್ಲಿಲ್ವಾ?"

"ಅವಳು ತಪ್ಪು ಮಾಡ್ಬಹುದು ಅಂತ ಅನ್ನಿಸ್ಲೇ ಇಲ್ಲ ಮೇಡಂ. ಎಲ್ಲಾ ಸರಿ ಇದೆ ಹೋಗಮ್ಮ ಅಂದುಬಿಟ್ಟೆ."

ಮೇಡಂಗೆ ಸಿಟ್ಟು ನೆತ್ತಿಗೇರಿತು. ಒಂದು ನಿಮಿಷ ಕಣ್ಣಾಡಿಸಿದ್ದರೆ ಹುಡುಗಿಯ ಹನ್ನೊಂದು ಮೀಟರ್ ಅಲ್ಲೇ ಸರಿಹೋಗುತ್ತಿತ್ತು. ಅಷ್ಟು ಸಾಲದು ಎಂಬಂತೆ, ಮೂರು ದಿನ ಅವಳ ಮೇಲೆ ಕಳ್ಳಿ ಎಂಬ ಹೆಸರು ಬರುವುದನ್ನು ಈ ಮನುಷ್ಯ ಸೀಮೆಸುಣ್ಣ ಹಿಡಿದುಕೊಂಡು ನೋಡುತ್ತ ನಿಂತಿದ್ದಾರೆ.

"ಆ ಹತ್ತು ಲೆಕ್ಕ ಯಾರು ಕೊಟ್ರು ಅಂತ ಕೇಳಿದ್ರಾ?"

ಮೇಷ್ಟ್ರು ಈಗ ಅವರನ್ನೇ ದಿಟ್ಟಿಸಿದರು. ಆ ನೋಟದಲ್ಲಿ ತಪ್ಪಿತಸ್ಥನ ಅಳುಕು ಇರಲಿಲ್ಲ, ಅನುಮಾನ ಇತ್ತು.

"ಕೇಳ್ದೆ. ಅದಕ್ಕೇ ನಾನು ಬಾಯಿ ಮುಚ್ಕೊಂಡಿದ್ದು. ನೀವೇ ಕಳಿಸಿದ್ರಲ್ಲ ಮೇಡಂ."

ನಿವೃತ್ತರಾದ ಏಳು ವರ್ಷಗಳಿಂದ ಕೆಂಪು ಶಾಯಿ ಮೇಡಂ ಪರೀಕ್ಷೆಗೆ ಮುಂಚೆ ಶಾಲೆಯ ಗಣಿತದ ಜಾಣ ಮಗುವಿಗೆ ಹತ್ತು ಲೆಕ್ಕಗಳ ಒಂದು ಹಾಳೆಯನ್ನು ಕೈಯಾರೆ ಬರೆದು ಕಳಿಸುತ್ತಿದ್ದುದು ಊರಿಗೇ ಗೊತ್ತಿದ್ದ ಸಂಗತಿ. ಆದರೆ ಈ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳು ಪೆನ್ನು ಮುಟ್ಟುವಂತಿರಲಿಲ್ಲ. ಸೊಸೆ ಅವರ ಕೆಂಪು ಪೆನ್ನುಗಳನ್ನೆಲ್ಲ ಕಪಾಟಿನ ಮೇಲಕ್ಕೆ ಹಾಕಿ ಏಣಿಯನ್ನೂ ಬಚ್ಚಿಟ್ಟಿದ್ದಳು. ಈ ವರ್ಷ ಅವರು ಯಾರಿಗೂ ಏನನ್ನೂ ಕಳಿಸಿರಲಿಲ್ಲ.

ಆದರೂ ಕೇಳಬೇಕಾದ್ದನ್ನು ಕೇಳಿದರು. "ನಿಮ್ಮ ಬೀರು ಕೀಲಿ ಬೇರೆ ಯಾರ ಕೈಗಾದ್ರೂ ಕೊಟ್ಟಿದ್ರಾ?"

"ಒಂಬತ್ತನೇ ತಾರೀಕು ಹೆಡ್ ಮೇಡಂ ತಗೊಂಡಿದ್ರು. ಬಂಡಲ್ ಎಣಿಸ್ಬೇಕು ಅಂದ್ರು. ಮಾರನೇ ದಿನ ವಾಪಸ್ ಕೊಟ್ರು."

ಮೇಷ್ಟ್ರಿಗೆ ಇಲ್ಲಿಂದ ಕದಲಬೇಡಿ ಎಂದು ಹೇಳಿ ಮೇಡಂ ಹೊರಬಂದರು. ಗಂಟೆ ಮೂರು ನಲವತ್ತು. ಅಂಗಳದಲ್ಲಿ ಹಾಲ್ ಟಿಕೆಟ್ಟಿಗೆ ಮಕ್ಕಳು ಸಾಲು ನಿಂತಿದ್ದರು, ಒಬ್ಬರನ್ನೊಬ್ಬರು ತಳ್ಳಿ ನಗುತ್ತಿದ್ದರು. ಮೊಗಸಾಲೆಯ ಬೆಂಚಿನ ಕಡೆಗೆ ಯಾರೂ ಬರುತ್ತಿರಲಿಲ್ಲ. ತಾಯಿಯನ್ನು ನೀರು ತರುವ ನೆಪದಲ್ಲಿ ಆಚೆ ಕಳಿಸಿ ಮೇಡಂ ಹುಡುಗಿಯ ಪಕ್ಕ ಕೂತರು.

"ನಾನು ಕಳಿಸಿದ ಹಾಳೆ ಎಲ್ಲಿದೆ ಪುಟ್ಟಿ?"

ಹುಡುಗಿ ಬೆಚ್ಚಿ ಸುತ್ತಲೂ ನೋಡಿದಳು. ಆಮೇಲೆ ಚೀಲದ ಒಳಗಡೆ, ಪುಸ್ತಕಗಳ ಹೊದಿಕೆಯ ಕೆಳಗಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಮೇಡಂ ಅಂಗೈಗೆ ತುರುಕಿದಳು.

"ಅಂಗಡಿ ಬಾಗಿಲ ಸಂದೀಲಿ ಸಿಕ್ಕಿದ್ದನ್ನ ಯಾರಿಗೂ ತೋರಿಸಿಲ್ಲ ಮೇಡಂ. ಪರೀಕ್ಷೆಲಿ ಹತ್ತೂ ಅದೇ ಬಂದಾಗ ಭಯ ಆಯ್ತು. ಹೇಳಿದ್ರೆ ನಿಮಗೆ ತೊಂದ್ರೆ ಆಗುತ್ತೆ ಅಂತ ಸುಮ್ನಿದ್ದೆ."

ಈ ಮಗು ಮೂರು ದಿನ ತುಟಿ ಹೊಲಿದುಕೊಂಡು ಕೂತದ್ದು, ತನ್ನ ಒಂದು ವರ್ಷವನ್ನೇ ಪಣಕ್ಕಿಟ್ಟದ್ದು, ಇವರ ಮಾನ ಉಳಿಸುವುದಕ್ಕೆ. ಅದೂ ಇವರು ಮಾಡದೇ ಇದ್ದ ಕೆಲಸಕ್ಕೆ. ಅವಳ ತಲೆಯ ಮೇಲೆ ಕೈಯಿಟ್ಟರು.

ಹಾಳೆಯನ್ನು ಸೆರಗಿನ ಮರೆಯಲ್ಲೇ ಬಿಡಿಸಿದರು. ಕೆಂಪು ಶಾಯಿ. ಲೆಕ್ಕದ ಸಂಖ್ಯೆಗಳಿಗೆ ಸುತ್ತಲೂ ವೃತ್ತ, ಮುಖ್ಯ ಪದದ ಕೆಳಗೆ ಜೋಡಿ ಗೆರೆ, ಕೊನೆಯಲ್ಲಿ ಓರೆಯಾಗಿ ತಾರೀಕು. ಒಂಬತ್ತು. ಎಲ್ಲವೂ ಅವರದೇ ರೀತಿ. ನ್ಯಾಯಾಲಯದಲ್ಲಿ ತೋರಿಸಿದರೆ ಅವರ ಸೊಸೆಯೂ ಇದು ಅತ್ತೆಯ ಅಕ್ಷರವೇ ಎಂದು ಆಣೆ ಮಾಡುತ್ತಿದ್ದಳು.

ಈ ಅಕ್ಷರವನ್ನು ಇಷ್ಟು ಚೆನ್ನಾಗಿ ಬರೆಯಬಲ್ಲ ಇನ್ನೊಬ್ಬರು ಲೋಕದಲ್ಲಿ ಒಬ್ಬರೇ ಇದ್ದರು. ಅವರನ್ನು ಮೂರನೇ ಬೆಂಚಿನಲ್ಲಿ ಕೂರಿಸಿ ಒಂದು ವರ್ಷ ತಿದ್ದಿಸಿದವರು ಸ್ವತಃ ಮೇಡಂ.

ಗೋಡೆಯ ಮೇಲಿನ ಫಲಕದಲ್ಲಿ ನಾಲ್ಕು ಗೀಟುಗಳ ಕೆಳಗೆ ಹೊಸದಾಗಿ ಬಳಿದ ಕಪ್ಪು ಜಾಗ ಮಿರುಗುತ್ತಿತ್ತು. ಅಲ್ಲಿ ಈ ಹುಡುಗಿಯ ಹೆಸರು ಬರಲೇಬೇಕೆಂದು ಪೂರ್ವಸಿದ್ಧತಾ ಪರೀಕ್ಷೆಯಿಂದಲೇ ಶುರುಮಾಡಿದ್ದರು. ವಿಚಾರಣೆಗೆ ಬೇರೆ ಯಾರನ್ನೂ ಕರೆಯದೆ ತಮ್ಮನ್ನೇ ಯಾಕೆ ಕರೆಸಿದರು ಎಂಬುದು ಈಗ ಅರ್ಥವಾಯಿತು. ಹಾಳೆ ಬಯಲಾದರೆ ಸಿಕ್ಕಿಬೀಳುವುದು ಕೆಂಪು ಶಾಯಿ. ಜೊತೆಗೆ ಹುಡುಗಿಯೂ, ಯಾಕೆಂದರೆ ಪ್ರಶ್ನೆ ಮೊದಲೇ ಸಿಕ್ಕವಳು ಎಷ್ಟು ಮುಗ್ಧೆಯಾದರೂ ನಿಯಮಕ್ಕೆ ಅದು ಬೇಡ. ಹಾಳೆ ಬಚ್ಚಿಟ್ಟು ಸಹಿ ಹಾಕಿದರೆ ಹುಡುಗಿ ಸೋಮವಾರ ಪರೀಕ್ಷೆ ಬರೆಯುತ್ತಾಳೆ, ಬೀರು ತೆರೆದವರು ಅಂತಿಮ ಪರೀಕ್ಷೆಯ ಬಂಡಲ್ಲಿಗೂ ಅದೇ ಕೀಲಿ ಇಟ್ಟುಕೊಂಡು ಕೂರುತ್ತಾರೆ.

ಹೆಜ್ಜೆ ಸಪ್ಪಳ ಕೇಳಿಸಿತು. ಮೇಡಂ ಹಾಳೆಯನ್ನು ಮಡಚಿ ರವಿಕೆಯೊಳಗೆ ಸೇರಿಸಿಕೊಂಡರು.

ಮುಖ್ಯೋಪಾಧ್ಯಾಯಿನಿ ಬಂದು ಬೆಂಚಿನ ಎದುರು ನಿಂತರು. ಒಂದು ಕೈಯಲ್ಲಿ ಅಚ್ಚುಕಟ್ಟಾಗಿ ಬರೆದ ವರದಿ, ಸಹಿಗೆ ಜಾಗ ಬಿಟ್ಟದ್ದು. ಇನ್ನೊಂದು ಕೈಯಲ್ಲಿ ಹುಡುಗಿಯ ಫೋಟೋ ಅಂಟಿಸಿದ ಹಾಲ್ ಟಿಕೆಟ್. ಮುಖದಲ್ಲಿ ಹಳೆಯ ವಿದ್ಯಾರ್ಥಿನಿಯ ಅದೇ ವಿನಯ.

"ಹುಡುಗಿದು ತಪ್ಪಿಲ್ಲ ಅಂತ ಬರೆದಿದ್ದೀನಿ ಮೇಡಂ. ನೀವೂ ಹಾಗೇ ಅಂದ್ಕೊಂಡಿದೀರಿ ಅಲ್ವಾ? ಆ ಹಾಳೆ ನನ್ ಕೈಗೆ ಕೊಟ್ಬಿಡಿ, ಇದನ್ನ ಇವಳ ಕೈಗೆ ಕೊಡ್ತೀನಿ."

ಮೇಷ್ಟ್ರು ಇನ್ನೂ ಪ್ರಯೋಗಾಲಯದಿಂದ ಹೊರಗೆ ಬಂದಿರಲಿಲ್ಲ. ಹಾಳೆಯ ವಿಷಯವನ್ನು ಕೆಂಪು ಶಾಯಿ ಮೇಡಂ ಬೇರೆ ಯಾರ ಹತ್ತಿರವೂ ಎತ್ತಿರಲಿಲ್ಲ.

ಹುಡುಗಿ ಹಾಲ್ ಟಿಕೆಟ್ಟಿನತ್ತ ಕೈ ಚಾಚಿದಳು. ಅರ್ಧದಲ್ಲೇ ಏನೋ ಹೊಳೆದು ಕೈ ಹಿಂದಕ್ಕೆಳೆದುಕೊಂಡಳು, ಮುಖ್ಯೋಪಾಧ್ಯಾಯಿನಿಯ ಕೈಯಲ್ಲಿದ್ದ ವರದಿಯ ಅಕ್ಷರಗಳನ್ನೇ ನೋಡತೊಡಗಿದಳು.

"ಮೇಡಂ," ಎಂದಳು ಕೆಂಪು ಶಾಯಿ ಮೇಡಂ ಕಡೆ ತಿರುಗಿ ಮೆಲ್ಲಗೆ, "ಇದನ್ನೂ ನೀವೇ ಬರೆದ್ರಾ?"

ಗೇಟಿನ ಬಳಿ ಅಟೆಂಡರ್ ನಾಲ್ಕರ ಗಂಟೆ ಹೊಡೆದ.